ಮೂರು ಆಟದ ನಿಯಮ

ಸರ್ಕಾರ ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾಳೆ ಯಾರಾದರೂ ಬಂದು, ಯಾವ ನಾಟಕವನ್ನು ನಿಷೇಧಿಸಿದ್ದರು ತೋರಿಸಿ ಎಂದು ಪಟ್ಟು ಹಿಡಿಯುತ್ತಾರೆ. ಒಂದನ್ನೂ ನಿಷೇಧಿಸಲಿಲ್ಲ. ಬದಲಿಗೆ ತಾಲೂಕಿಗೊಂದರಂತೆ ರಂಗಮನೆ ಕಟ್ಟಿಸಿದರು. ಮೆತ್ತನೆಯ ಕುರ್ಚಿ, ಸದ್ದು ಮಾಡದ ಫ್ಯಾನು, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ. ತಗಡಿನ ಥಿಯೇಟರು ಹಾಕಿಕೊಂಡು ಊರೂರು ತಿರುಗುತ್ತಿದ್ದ ನಾಟಕ ಕಂಪನಿಗಳಿಗೆ ಅದನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ತಗಡಿನ ಥಿಯೇಟರಿಗೆ ಬೆಂಕಿಯ ಭಯವಿದೆಯೆಂದು ಪರವಾನಗಿ ನಿಲ್ಲಿಸಿದ್ದು ಆಮೇಲಿನ ಮಾತು. ಕಂಪನಿಯ ಮಾಲಕರೆಲ್ಲ ಶಾಲು ಹೊದಿಸಿಕೊಂಡು ಹಲ್ಲು ಬಿಟ್ಟರು. ಧರ್ಮಕ್ಕೆ ಕೊಟ್ಟ ಆಕಳ ಹಲ್ಲು ಹಿಡಿದು ನೋಡುವವರು ಯಾರು?

ಆ ರಂಗಮನೆಗಳ ಗೋಡೆಗೆ, ಮಾಡಿಗೆ, ಕುರ್ಚಿಗಳ ಬೆನ್ನಿಗೆ ಬೂದುಬಣ್ಣದ ಪಟ್ಟಿಗಳನ್ನು ಕೂರಿಸಿದ್ದರು. ಅದರ ಹೆಸರು 'ಸುಶ್ರಾವ್ಯ'. ಒಂದೊಂದು ಪಟ್ಟಿಯಲ್ಲಿ ಸಾಸಿವೆಯಷ್ಟು ಸಣ್ಣ ಸ್ಪೀಕರುಗಳು ನೂರಾರು. ನಟನ ದನಿ ಗಾಳಿಯಲ್ಲಿ ನಡೆದುಕೊಂಡು ಹಿಂದಿನ ಸಾಲಿಗೆ ಹೋಗುವಷ್ಟರಲ್ಲಿ ಸೊರಗಿರುತ್ತದೆ. ಆದರೆ ಮೈಕು ಹಿಡಿದ ದನಿ ತಂತಿಯಲ್ಲಿ ಅದಕ್ಕಿಂತ ಎಷ್ಟೋ ಮೊದಲು ಹೋಗಿ ಮುಟ್ಟುತ್ತದೆ. ಪಟ್ಟಿ ಅದನ್ನು ಹಿಡಿದಿಟ್ಟುಕೊಂಡು, ಗಾಳಿಯ ದನಿ ಬರುವ ಹೊತ್ತಿಗೆ ಸರಿಯಾಗಿ ಅದಕ್ಕೆ ಕೈಗೂಡಿಸಿ, ಕೂತವರ ಕಿವಿಗೆ ಹೊಸದಾಗಿ ಕೊಡುತ್ತದೆ. ಹಿಂದಿನ ಗ್ಯಾಲರಿಯವನಿಗೂ ಮುಂದಿನ ಸೋಫಾದವನಿಗೂ ಒಂದೇ ಸಮ ಕೇಳುತ್ತದೆ.

ಇದನ್ನು ಮಾಡಿದವಳು ದಾಕ್ಷಾಯಣಿ. ಡಿಪ್ಲೊಮಾ ಮುಗಿಸಿ ಜಡೆಲಿಂಗೇಶ್ವರ ನಾಟ್ಯ ಸಂಘದಲ್ಲಿ ಮೈಕಿನ ಕೆಲಸಕ್ಕೆ ಸೇರಿದ್ದಳು. ಅಲ್ಲಿಯ ಹಾಸ್ಯನಟ ಯಮನೂರಪ್ಪನನ್ನು ಕಂಡು, ನಕ್ಕು, ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದಳು. ಕಡಿಮೆ ದುಡ್ಡಿನ ಗ್ಯಾಲರಿಯಲ್ಲಿ ಕೂತವರು ಅರ್ಧ ಮಾತು ಕೇಳದೆ, ಮುಂದಿನವರು ನಕ್ಕದ್ದು ನೋಡಿ ತಾವೂ ನಗುವುದನ್ನು ಕಂಡು ಅವಳ ಹೊಟ್ಟೆ ಉರಿಯುತ್ತಿತ್ತು. ಆ ಹೊಟ್ಟೆಯುರಿಯಿಂದಲೇ ಸುಶ್ರಾವ್ಯ ಹುಟ್ಟಿತು. ಸರ್ಕಾರ ಅವಳನ್ನು ಕರೆದು ರಂಗಧ್ವನಿ ಕೋಶ ಎಂಬ ಹೊಸ ಕಚೇರಿಯಲ್ಲಿ ಇಂಜಿನಿಯರ್ ಮಾಡಿತು. ಜಿಲ್ಲೆಯ ಎಲ್ಲ ರಂಗಮನೆಗಳ ದನಿಯನ್ನು ಅಲ್ಲಿಯ ನಿಯಂತ್ರಣ ಕೊಠಡಿಯಲ್ಲಿ ಕೂತು ನೋಡಿಕೊಳ್ಳುವುದು ಅವಳ ಕೆಲಸವಾಯಿತು.

ಯಮನೂರಪ್ಪನ ಹಾಸ್ಯಕ್ಕೆ ಒಂದು ಕ್ರಮವಿತ್ತು. ಕಂಪನಿ ಹೊಸ ಊರಿಗೆ ಹೋದ ದಿನ ಅವನು ಮೊದಲು ಕ್ಷೌರದಂಗಡಿಗೆ ಹೋಗುತ್ತಿದ್ದ. ಗಡ್ಡ ಕೆರೆಸಿಕೊಳ್ಳುತ್ತ ಊರಿಗೆ ಎಲ್ಲಿ ನೋಯುತ್ತಿದೆ ಎಂದು ತಿಳಿದುಕೊಳ್ಳುತ್ತಿದ್ದ. ಅಂದಿನ ಆಟದಲ್ಲೇ ಅದು ಆಳಿನ ಪಾತ್ರದ ಬಾಯಲ್ಲಿ ಬರುತ್ತಿತ್ತು. ಬರೆದ ನಾಟಕದಲ್ಲಿ ಅದಕ್ಕೆ ಜಾಗವಿರಲಿಲ್ಲ, ಅವನು ಮಾಡಿಕೊಳ್ಳುತ್ತಿದ್ದ. ಒಂದೂರಲ್ಲಿ ಗಟಾರದ ಮೇಲೆ ಆಡಿದ ಮಾತಿಗೆ ಬಿದ್ದ ನಗು ಎಷ್ಟಿತ್ತೆಂದರೆ, ಮುಂದಿನ ಸಾಲಿನಲ್ಲಿದ್ದ ಪುರಸಭೆಯ ಸಾಹೇಬರು ಕೆಮ್ಮುತ್ತ ಎದ್ದುಹೋದರು, ಮರುದಿನ ಬೆಳಿಗ್ಗೆ ಗಟಾರಕ್ಕೆ ಜೆಸಿಬಿ ಬಂತು. ಜನ ತಮ್ಮ ನೋವನ್ನು ಇನ್ನೊಬ್ಬನ ಬಾಯಲ್ಲಿ ಕೇಳಿ ಹೊಟ್ಟೆ ಹಿಡಿದುಕೊಂಡು ನಗಲು ಬರುತ್ತಿದ್ದರು. ಅದು ಅವನ ವಿದ್ಯೆ, ಅವನಿಗಿದ್ದದ್ದು ಅದೊಂದೇ.

ಕಚೇರಿಯಲ್ಲಿ ಉಪನಿರ್ದೇಶಕ ಹಂಚಿನಾಳರು ಒಳ್ಳೆಯ ಮನುಷ್ಯರು. ಗದರಿಸಿದವರಲ್ಲ. ಒಂದು ದಿನ ಚಹಾ ಕುಡಿಯುತ್ತ ಅವರು ಅವಳನ್ನು ಕೇಳಿದರು. ನಿಮ್ಮ ಮನೆಯವರು ದಿನಕ್ಕೊಂದು ಮಾತು ಹುಟ್ಟಿಸುತ್ತಾರಲ್ಲ, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅವರಿಗೆ ಯಾರು ಹೇಳುತ್ತಾರೆ?

ದಾಕ್ಷಾಯಣಿಗೆ ಗಂಡನ ಕಸುಬಿನ ಬಗ್ಗೆ ಯಾರಾದರೂ ಕೇಳಿದರೆ ಸಾಕಿತ್ತು.

"ಯಾರೂ ಹೇಳೂದು ಬ್ಯಾಡ್ರಿ ಸರ್. ಕಂಪನ್ಯಾಗ ಒಂದು ನಿಯಮ ಐತಿ. ಮೂರು ಆಟ ನೋಡ್ತಾರ. ಮೂರೂ ಆಟದಾಗ ಮಂದಿ ನಗಲಿಲ್ಲ ಅಂದ್ರ ಆ ಮಾತು ತಾವ ಕಿತ್ತು ಒಗೀತಾರ. ಮತ್ತ ಆ ಕಡೆ ಹೊಳ್ಳಿ ನೋಡೂದಿಲ್ಲ."

ಹಂಚಿನಾಳರು ಚಹಾದ ಕಪ್ಪು ಕೆಳಗಿಟ್ಟು, ಭಾಳ ಚಲೋ ಪದ್ಧತಿ ಎಂದರು. ಅವಳು ಹೆಮ್ಮೆಯಿಂದ ಮನೆಗೆ ಬಂದಳು. ಮಾತು ಆಡಿದರೆ ಹೋಯಿತು ಎನ್ನುವುದು ಸುಮ್ಮನೆಯಲ್ಲ.

ಕೆಲವು ತಿಂಗಳ ಮೇಲೆ ರಾಜಧಾನಿಯಿಂದ ಸುಶ್ರಾವ್ಯದೊಳಗೆ ಸೇರಿಸಲು ಇನ್ನೊಂದು ಪ್ರೋಗ್ರಾಂ ಬಂತು. ಅದಕ್ಕೆ 'ಸೌಮ್ಯ' ಎಂದು ಹೆಸರು. ಸಮಾಜದ ನೆಮ್ಮದಿಗೆ ಭಂಗ ತರುವ ಮಾತುಗಳನ್ನು ಅದು ತಡೆಯುವುದಿಲ್ಲ, ಮೂರು ಪ್ರಯೋಗಗಳ ಮಟ್ಟಿಗೆ ಅವುಗಳ ಪರಿಣಾಮವನ್ನು ಮಿತಗೊಳಿಸುತ್ತದೆ ಎಂದು ವಿವರಣೆಯಲ್ಲಿತ್ತು. ಮೂರು ಎಂಬಲ್ಲಿಗೆ ಬಂದಾಗ ದಾಕ್ಷಾಯಣಿಯ ಕಣ್ಣು ನಿಂತಿತು. ತಾನು ಚಹಾದ ಜೊತೆ ಆಡಿದ ಮಾತು ಸರ್ಕಾರಿ ಕನ್ನಡ ಉಟ್ಟುಕೊಂಡು ಎದುರಿಗೆ ಕೂತಿತ್ತು.

ಸೌಮ್ಯ ಕೆಲಸ ಮಾಡುವ ರೀತಿ ಬಲು ನಾಜೂಕು. ಮಾತಿನ ಅರ್ಥ ತಿಳಿದು ಆಮೇಲೆ ಅಳಿಸುತ್ತೇನೆಂದರೆ ಯಾವ ಯಂತ್ರಕ್ಕೂ ಹೊತ್ತು ಸಾಲದು. ಹಾಗಾಗಿ ಅದು ಮುಂಚೆಯೇ ಊಹಿಸುತ್ತಿತ್ತು. ಪ್ರತಿಯೊಬ್ಬ ಹಾಸ್ಯನಟನೂ ಪೆಟ್ಟು ಕೊಡುವ ಮುಂಚೆ ದನಿ ಒಂಚೂರು ಇಳಿಸಿ, ಸಣ್ಣದೊಂದು ಉಸಿರು ಎಳೆದುಕೊಳ್ಳುತ್ತಾನೆ. ಹಳೆಯ ಆಟಗಳನ್ನೆಲ್ಲ ಕೇಳಿಸಿಕೊಂಡ ಯಂತ್ರಕ್ಕೆ ಆ ಉಸಿರಿನ ಗುರುತು ಸಿಕ್ಕಿತ್ತು. ಮಂತ್ರಿ, ದವಾಖಾನೆ, ನೀರಿನ ಟಾಕಿ ಎಂಬ ಮಾತು ಬಂದು, ಹಿಂದೆಯೇ ಆ ಉಸಿರು ಬಂದರೆ ಸಾಕು, ಪಟ್ಟಿಗಳು ಅವನದೇ ದನಿಯನ್ನು ಕೂದಲೆಳೆಯಷ್ಟು ತಡವಾಗಿ ಮತ್ತೊಮ್ಮೆ ಬಿಡುತ್ತಿದ್ದವು. ಎರಡು ದನಿ ಒಂದರ ಮೇಲೊಂದು ಬಿದ್ದು ಶಬ್ದಗಳ ಅಂಚು ಕರಗುತ್ತಿತ್ತು. ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಕೂತವರಿಗೆ ಯಂತ್ರದ ಮೇಲೆ ಯಾಕೆ ಅನುಮಾನ ಬರಬೇಕು? ನಟನೇ ತೊದಲಿದ ಎಂದುಕೊಳ್ಳುತ್ತಿದ್ದರು.

ಆ ವರ್ಷ ಕಂಪನಿಯ ಕ್ಯಾಂಪು ಹಾಲಗೊಂಡದಲ್ಲಿ. ಬಸ್ಸಿನಲ್ಲಿ ಅರ್ಧ ತಾಸು, ಯಮನೂರಪ್ಪ ಮನೆಯಿಂದಲೇ ಹೋಗಿ ಬರುತ್ತಿದ್ದ. ಅಲ್ಲಿಯ ದವಾಖಾನೆಗೆ ಮಂತ್ರಿಗಳು ಎಕ್ಸ್‌ರೇ ಮಿಷನ್ನು ಉದ್ಘಾಟಿಸಿ ಹೋಗಿದ್ದರು. ಅಂದಿನಿಂದ ಅದು ಬಟ್ಟೆ ಹೊದ್ದುಕೊಂಡೇ ಇತ್ತು, ನಡೆಸುವವರನ್ನು ನೇಮಿಸಿರಲಿಲ್ಲ. ಯಮನೂರಪ್ಪ ಕಾಲು ಮುರಿದವನ ಹಾಗೆ ಕುಂಟುತ್ತ ರಂಗಕ್ಕೆ ಬಂದು ಹೇಳಿದ:

"ಎಕ್ಸ್‌ರೇ ಮಿಷನ್ನಿಗೆ ಮದುಮಗಳ ಹಂಗ ಸೆರಗು ಹೊದಿಸಿ ಕುಂದ್ರಿಸ್ಯಾರ್ರಿ. ರಿಬ್ಬನ್ ಕತ್ತರಿಸಿದ ಮಂತ್ರಿನ ಬಂದು ಆ ಸೆರಗು ತಗೀಬೇಕಂತ. ಅಂವ ಬರೂತನಕ ನಮ್ಮ ಎಲುಬು ತಾವ ಕೂಡ್ಕೋಬೇಕಂತ."

ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಗಂಡನ ದನಿಯ ಗೆರೆ ಹಸಿರಿನಿಂದ ಹಳದಿಗೆ ತಿರುಗಿದ್ದನ್ನು ದಾಕ್ಷಾಯಣಿ ನೋಡಿದಳು. ಅವಳ ಕೈಯಳತೆಯಲ್ಲೇ 'ಬಿಡು' ಎಂಬ ಕೀಲಿಯಿತ್ತು. ಒತ್ತಿದರೆ ಸೌಮ್ಯ ಸುಮ್ಮನಾಗುತ್ತದೆ, ಒತ್ತಿದವರ ಹೆಸರು ಮೇಲಿನವರ ಪರದೆಗೆ ಹೋಗುತ್ತದೆ. ಅವಳು ಒತ್ತಲಿಲ್ಲ. ಹಾಲಗೊಂಡದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಮನೂರಪ್ಪ ನಗೆಗಾಗಿ ಒಂದು ಗಳಿಗೆ ಕಾದು ನಿಂತ, ಅದು ಬರಲಿಲ್ಲ, ಕುಂಟುತ್ತಲೇ ಒಳಗೆ ಹೋದ.

ಎರಡನೆಯ ಆಟಕ್ಕೂ ಹಾಗೇ. ಮೂರನೆಯ ಆಟ ಮುಗಿದ ಮೇಲೆ ಮಾಲಕ ಚೆನ್ನಬಸಣ್ಣ ಮಾತಾಡುವ ನೆಪದಲ್ಲಿ ಹತ್ತಿರ ಬಂದು ಅವನ ಬಾಯಿಯ ವಾಸನೆ ನೋಡಿದ. ಕುಡಿದು ರಂಗಕ್ಕೆ ಬರುತ್ತಾನೆ ಎಂದು ಊರಲ್ಲಿ ಸುದ್ದಿಯಾಗಿತ್ತು. ಹುಟ್ಟಿದಾಗಿನಿಂದ ಸೆರೆ ಮುಟ್ಟದ ಯಮನೂರಪ್ಪ ಅದನ್ನು ಮನೆಯಲ್ಲಿ ರೊಟ್ಟಿ ಮುರಿಯುತ್ತ ಹೇಳಿದ. ನಗಿಸುತ್ತಲೇ ಹೇಳಲು ನೋಡಿದ, ಆಗಲಿಲ್ಲ.

"ದಾಕ್ಷಾ, ನನ್ನ ನಾಲಗಿ ದಪ್ಪ ಆಗೇತೇನ ನೋಡು," ಎಂದು ನಾಲಗೆ ಚಾಚಿ ತೋರಿಸಿದ.

ಡಾಕ್ಟರು ಏನೂ ಇಲ್ಲ ಎಂದರು. ಅವನು ನಂಬಲಿಲ್ಲ. ಮಕ್ಕಳಿಗೆ ಮಾತು ತಿಳಿಯಾಗಲೆಂದು ಬಜೆ ತೇದು ನೆಕ್ಕಿಸುತ್ತಾರಲ್ಲ, ಹಾಗೆ ದಿನಾ ತೇದು ಕೊಡು ಎಂದು ಹೆಂಡತಿಗೆ ಹೇಳಿದ. ಅವಳು ಬೆಳಿಗ್ಗೆ ಸಾಣೆಕಲ್ಲಿನ ಮೇಲೆ ಬಜೆ ತೇದು, ಜೇನು ಬೆರೆಸಿ ಕೊಟ್ಟಳು. ಅವನು ನೆಕ್ಕಿ, ಕನ್ನಡಿಯ ಮುಂದೆ ನಿಂತು ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿ ನೋಡಿಕೊಳ್ಳುತ್ತಿದ್ದ. ಅವಳು ಅಡುಗೆಮನೆಯಿಂದ ಕೇಳುತ್ತಿದ್ದಳು. ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಹೇಳಿದರೆ ನೌಕರಿ ಹೋಗುತ್ತದೆ ಎಂಬುದು ನಿಜ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ, ನಿನ್ನ ಕತ್ತಿಗೆ ಬಿದ್ದ ಹಗ್ಗವನ್ನು ಹೊಸೆದವಳು ನಾನೇ ಎಂದು ಹೇಗೆ ಹೇಳುವುದು? ಬಾಯೊಳಗಿನ ಬಿಸಿ ತುಪ್ಪ, ಉಗುಳಲೂ ಆಗದು, ನುಂಗಲೂ ಆಗದು.

ನಿಯಮ ನಿಯಮವೇ. ಯಮನೂರಪ್ಪ ಮಿಷನ್ನಿನ ಮಾತು ಕಿತ್ತುಹಾಕಿದ. ಮುಂದೆ ನೀರಿನ ಟಾಕಿಯದು ಹೋಯಿತು, ಶಾಲೆಯ ಮಾಡಿನದು ಹೋಯಿತು. ಒಂದು ಆಟದಲ್ಲಿ ಏನೂ ತೋಚದೆ ಅತ್ತೆಯ ಗೊರಕೆಯ ಮೇಲೆ ಎರಡು ಮಾತು ಆಡಿದ. ಪಟ್ಟಿಗಳು ಅದನ್ನು ತೊಳೆದಿಟ್ಟ ಮುತ್ತಿನ ಹಾಗೆ ಕಿವಿಕಿವಿಗೂ ಮುಟ್ಟಿಸಿದವು. ಸಭಾಗೃಹ ಬಿದ್ದು ಬಿದ್ದು ನಕ್ಕಿತು. ಅಂದು ಮನೆಗೆ ಬಂದ ಅವನ ಮುಖ ನೋಡಿ ದಾಕ್ಷಾಯಣಿಗೂ ಸಂತೋಷವಾಯಿತು, ಆ ಸಂತೋಷಕ್ಕೆ ನಾಚಿಕೆಯೂ ಆಯಿತು.

ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಅತ್ತೆಯ ಗೊರಕೆ, ಸೊಸೆಯ ಮೊಬೈಲು, ದಪ್ಪ ಮಾವನ ಚಡ್ಡಿ. ಯಮನೂರಪ್ಪನ ಹೆಸರು ಹಾಕಿದರೆ ಹೌಸ್‌ಫುಲ್. ಮಂತ್ರಿಗಳೂ ಬಂದು ಮುಂದೆ ಕೂತು ನಕ್ಕು ಹೋದರು. ಅವನು ಕ್ಷೌರದಂಗಡಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಗಡ್ಡ ಮಾಡಿಕೊಳ್ಳತೊಡಗಿದ. ಬಜೆಯ ಬೇರು ಅಡುಗೆಮನೆಯ ಗೋಡೆಯ ಮಾಡದಲ್ಲಿ ಒಣಗಿತು.

ಕೋಶದವರು ಹೊಸ ಹಾಸ್ಯನಟರಿಗೆ ಶಿಬಿರ ಮಾಡಿದಾಗ ಯಮನೂರಪ್ಪನನ್ನೇ ಗುರುವಾಗಿ ಕರೆಸಿದರು. ದಾಕ್ಷಾಯಣಿ ಮೈಕು ಸರಿಮಾಡಲು ಹೋದವಳು ಬಾಗಿಲಲ್ಲೇ ನಿಂತಳು. ಅವನು ಎದುರಿಗೆ ಕೂತವರಿಗೆ ಪ್ರೀತಿಯಿಂದ, ತಾನು ಕಲಿತದ್ದನ್ನು ಒಂದೂ ಮುಚ್ಚಿಡದೆ ಹೇಳುತ್ತಿದ್ದ.

"ಊರ ಸುದ್ದಿ ತರಬ್ಯಾಡ್ರಿ ತಮ್ಮಾ. ಅದಕ್ಕ ಮಂದಿ ನಗೂದಿಲ್ಲ. ನಾ ನೋಡೇನಿ, ಒಂದಲ್ಲ ಎರಡಲ್ಲ, ಮೂರು ಆಟ ನೋಡೇನಿ."

ಹುಡುಗರು ತಲೆದೂಗಿ ಬರೆದುಕೊಂಡರು. ಯಂತ್ರ ಇನ್ನೂ ಹುಟ್ಟದ ಮಾತುಗಳನ್ನೂ ನುಂಗುತ್ತಿದೆ, ಅದೂ ತನ್ನ ಗಂಡನ ಬಾಯಿಂದ, ಎಂದು ಅವಳಿಗೆ ಅಂದು ಹೊಳೆಯಿತು. ಮರುದಿನ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿಬಿಟ್ಟಳು. ಸೌಮ್ಯ, ಹಳದಿ ಗೆರೆ, 'ಬಿಡು' ಕೀಲಿ, ಚಹಾ ಕುಡಿಯುತ್ತ ಹಂಚಿನಾಳರಿಗೆ ತಾನು ಆಡಿದ ಮಾತು, ಯಾವುದನ್ನೂ ಬಿಡಲಿಲ್ಲ.

ಯಮನೂರಪ್ಪ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ.

"ಅಂದ್ರ ನನ್ನ ನಾಲಗಿ ಚಲೋನ ಇತ್ತು."

"ಚಲೋನ ಇತ್ರಿ."

"ನಿನಗ ಗೊತ್ತಿತ್ತು. ಗೊತ್ತಿದ್ದೂ ಬಜಿ ತೇದಕೊಟ್ಟಿ."

ಅವನು ಎದ್ದು ಕೈತೊಳೆದ. ವಾರವಿಡೀ ಮನೆಯಲ್ಲಿ ಮಾತಿಲ್ಲ. ಹೊಡೆದಿದ್ದರೆ, ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಕೊನೆಗೆ ಅವನೇ ಬಾಯಿಬಿಟ್ಟ. ಕಂಪನಿ ಮತ್ತೆ ಹಾಲಗೊಂಡಕ್ಕೆ ಬಂದಿದೆ, ರವಿವಾರ ಮಧ್ಯಾಹ್ನದ ಆಟವಿದೆ, ಅದೊಂದು ಆಟಕ್ಕೆ ನಿನ್ನ ಯಂತ್ರ ಬಂದ್ ಮಾಡು ಎಂದ. ನೌಕರಿ ಹೋದೀತು ಎಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ.

ರವಿವಾರ ಬೆಳಿಗ್ಗೆ ಯಮನೂರಪ್ಪ ಹಾಲಗೊಂಡದ ಕ್ಷೌರದಂಗಡಿಗೆ ಹೋಗಿ ಗಡ್ಡ ಕೆರೆಸಿಕೊಂಡ. ಎಕ್ಸ್‌ರೇ ಮಿಷನ್ನು ಇನ್ನೂ ಬಟ್ಟೆ ಹೊದ್ದುಕೊಂಡೇ ಇದೆ, ಬಟ್ಟೆ ಮಾತ್ರ ಹೊಸದು ಎಂದು ಅಂಗಡಿಯವನು ಹೇಳಿದನಂತೆ. ಅವನು ಅದನ್ನು ಹೆಂಡತಿಗೆ ಫೋನಿನಲ್ಲಿ ಹೇಳುವಾಗ ಅವನ ದನಿಯಲ್ಲಿ ಹಳೆಯ ಯಮನೂರಪ್ಪ ಇದ್ದ. ದಾಕ್ಷಾಯಣಿ ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದಳು.

ಮಧ್ಯಾಹ್ನ ಅವಳು ನಿಯಂತ್ರಣ ಕೊಠಡಿಯಲ್ಲಿ ಕೂತಳು. ಹಾಲಗೊಂಡದ ರಂಗಮನೆ ತುಂಬಿತ್ತು. ಕುರ್ಚಿಗಳ ಬೆನ್ನಿನ ಪಟ್ಟಿಗಳಲ್ಲಿ ಜನರ ಪ್ರತಿಕ್ರಿಯೆ ಕೇಳಲು ಸಣ್ಣ ಮೈಕುಗಳೂ ಇದ್ದವು, ಅವಳು ಹೆಡ್‌ಫೋನು ಹಾಕಿಕೊಂಡಳು. ಯಮನೂರಪ್ಪ ಕುಂಟುತ್ತ ಬಂದ. ಅವನು ದನಿ ಇಳಿಸಿ ಉಸಿರು ಎಳೆಯುವ ಮೊದಲೇ ಅವಳು 'ಬಿಡು' ಒತ್ತಿದಳು. ಗೆರೆ ಹಸಿರಾಗಿಯೇ ಉಳಿಯಿತು. ಮಾತು ಕನ್ನಡಿಯಷ್ಟು ಸ್ವಚ್ಛವಾಗಿ ಹಿಂದಿನ ಗ್ಯಾಲರಿಯ ಕೊನೆಯವರೆಗೆ ಹೋಯಿತು. ಮದುಮಗಳು, ಸೆರಗು, ಹೊಸ ಬಟ್ಟೆ, ಎಲುಬು, ಎಲ್ಲವೂ.

ಯಾರೂ ನಗಲಿಲ್ಲ.

ದಾಕ್ಷಾಯಣಿ ಯಂತ್ರವನ್ನು ಮತ್ತೆ ಮತ್ತೆ ನೋಡಿದಳು. ಸೌಮ್ಯ ಬಂದ್ ಆಗಿತ್ತು. ಅನುಮಾನವೇ ಇಲ್ಲ. ಆಗ ಹೆಡ್‌ಫೋನಿನಲ್ಲಿ ಕುರ್ಚಿಗಳ ಪಿಸುಮಾತು ಕೇಳಿಸಿತು. ಇಂಥಾದ್ದೆಲ್ಲಾ ಯಾಕ ಬೇಕಿತ್ತು ಇವಗ, ಚಂದಗೆ ನಗಿಸ್ತಿದ್ದ, ಎಂದು ಒಬ್ಬ ಹೆಂಗಸು. ರೆಕಾರ್ಡ್ ಮಾಡಬ್ಯಾಡ, ಫೋನ್ ಕಿಸೆದಾಗ ಇಡು, ಎಂದು ಒಬ್ಬ ಅಪ್ಪ ಮಗನಿಗೆ. ರಾಜಕೀಯ ಶುರು ಹಚ್ಚಿದನಲ್ಲೋ ಮಾರಾಯಾ, ಎಂದು ಇನ್ನೊಬ್ಬ. ಅವರೆಲ್ಲ ಕೆಟ್ಟವರಲ್ಲ. ಇವರೇ ಎಂಥೆಂಥ ಸಾಹೇಬರ ಮುಖದ ಮೇಲೆ ನಕ್ಕು ಕಳಿಸಿದ ಜನ. ಯಾರೂ ಇವರನ್ನು ಹೆದರಿಸಿರಲಿಲ್ಲ. ವರ್ಷಗಟ್ಟಲೆ ಆ ರುಚಿ ಸಿಗದೆ ನಾಲಗೆ ಅದನ್ನು ಮರೆತಿತ್ತು, ಈಗ ಬಾಯಿಗೆ ಹಾಕಿದರೆ ಕಹಿ ಎನ್ನುತ್ತಿತ್ತು.

ಗ್ಯಾಲರಿಯಿಂದ ಯಾರೋ ಕೂಗಿದರು. ಮಾಸ್ತರ, ಅತ್ತಿ ಗೊರಕಿದು ಆಗಲಿ, ಒನ್ಸ್ ಮೋರ್. ಆ ಕೂಗಿಗೆ ನಾಲ್ಕಾರು ಜನ ಕೈಗೂಡಿಸಿದರು. ಯಮನೂರಪ್ಪ ರಂಗದ ನಡುವೆ ನಿಂತು ಪಟ್ಟಿಗಳ ಕಡೆ ಒಮ್ಮೆ ಕಣ್ಣೆತ್ತಿ ನೋಡಿದ. ಆಮೇಲೆ ಕೆಳಗೆ ಮಲಗಿ, ಅತ್ತೆಯ ಹಾಗೆ ಗೊರಕೆ ಹೊಡೆದ. ಮಾಡು ಹಾರಿಹೋಗುವಂತೆ ನಕ್ಕರು.

ಸಂಜೆ ಅವನು ಮನೆಗೆ ಬಂದಾಗ ಬಣ್ಣ ಇನ್ನೂ ಕಿವಿಯ ಹಿಂದೆ ಉಳಿದಿತ್ತು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೆಂಡತಿಯನ್ನು ನೋಡಿದ. ಏನು ಕೇಳುತ್ತಾನೆಂದು ಅವಳಿಗೆ ಮಧ್ಯಾಹ್ನದಿಂದಲೇ ಗೊತ್ತಿತ್ತು.

"ಬಂದ್ ಮಾಡಿದ್ಯಾ?"

ನಿಜ ಹೇಳುವ ಗಳಿಗೆಗಳನ್ನೆಲ್ಲ ಸುಳ್ಳಿನಲ್ಲಿ ಕಳೆದವಳು ಅವಳು. ಇನ್ನು ಮೇಲೆ ಸುಳ್ಳಾಡುವುದಿಲ್ಲ ಎಂದು ವಾರದ ಹಿಂದೆ ದೇವರ ಮುಂದೆ ಕೈಮುಗಿದಿದ್ದಳು. ಬಾಗಿಲಲ್ಲಿ ನಿಂತ ಮನುಷ್ಯನ ಮುಖ ನೋಡಿದಳು.

"ಇಲ್ರಿ. ಹಂಚಿನಾಳ ಸಾಹೇಬ್ರು ಅಲ್ಲೇ ಬಂದು ಕುಂತಿದ್ರು, ಕೈ ಹಚ್ಚಾಕ ಆಗಲಿಲ್ಲ. ನಿಮ್ಮ ಮಾತು ಯಂತ್ರನ ತಿಂತು."

ಯಮನೂರಪ್ಪ ಗೋಡೆಗೆ ಒರಗಿ ಉಸಿರುಬಿಟ್ಟ. ಹಂಗ ಅನಕೊಂಡೆ, ನಮ್ಮ ಮಂದಿ ಹಂಗಲ್ಲ, ಎಂದ. ಆಮೇಲೆ ಸರ್ಕಾರವನ್ನು ಮನಸಾರೆ ಬೈದ. ಬೈಯುತ್ತ ಬೈಯುತ್ತ ಅದನ್ನೇ ಹಾಸ್ಯ ಮಾಡಿದ, ಹಂಚಿನಾಳರು ಕುರ್ಚಿಯಲ್ಲಿ ಕೂತು ಮಾತು ತಿನ್ನುವುದನ್ನು ಮಾಡಿ ತೋರಿಸಿದ, ಬಹಳ ದಿನಗಳ ಮೇಲೆ ಎರಡು ರೊಟ್ಟಿ ಹೆಚ್ಚು ಉಂಡ. ಯಂತ್ರ ಎಷ್ಟು ತಿನ್ನುತ್ತದೋ ತಿನ್ನಲಿ, ತಾನು ಮಾತ್ರ ಆ ಮಾತನ್ನು ದಿನಾ ಆಡುತ್ತೇನೆ, ಒಂದು ದಿನ ಪಟ್ಟಿ ಕೆಟ್ಟರೆ ನೋಡು ಆ ನಗು, ಎಂದ. ದಾಕ್ಷಾಯಣಿ ಅವನ ಜೊತೆ ನಕ್ಕಳು, ಕಣ್ಣು ಒರೆಸಿಕೊಂಡದ್ದು ನಕ್ಕದ್ದಕ್ಕೇ ಎಂದು ಅವನು ತಿಳಿದ.

ಮರುದಿನ ಹಂಚಿನಾಳರು ಅವಳನ್ನು ಕರೆಸಿದರು. ನೌಕರಿ ಹೋಯಿತು ಎಂದುಕೊಂಡೇ ಹೋದಳು. ಅವರು ಕೂರಿಸಿ, ಚಹಾ ತರಿಸಿದರು. ಅವರ ಮುಂದಿನ ಪರದೆಯಲ್ಲಿ ನಿನ್ನೆಯ ಹಸಿರು ಗೆರೆ ಇತ್ತು.

"ನೋಡಿದೆ ಮೇಡಂ. ಕೇಳದ ಮಾಡಿದ್ದು ತಪ್ಪು, ಆದರ ಇಂಥಾ ಪರೀಕ್ಷೆ ನಾವ ಮಾಡಬೇಕಾಗಿತ್ತು. ಯಂತ್ರ ಬಂದ್ ಇತ್ತು, ಒಬ್ಬರೂ ನಗಲಿಲ್ಲ. ಹಾಲಗೊಂಡದಾಗ ಅದರ ಕೆಲಸ ಮುಗೀತು. ಪಟ್ಟಿ ಬಿಚ್ಚಿಸಿ ಬ್ಯಾರೆ ಜಿಲ್ಲಾಕ್ಕ ಕಳಸೂಣು."

ಪಟ್ಟಿಯಿಲ್ಲದ ಬರಿಗೋಡೆ ಅವಳ ಕಣ್ಣ ಮುಂದೆ ಬಂತು. ಅದರೆದುರು ಕುಂಟುತ್ತ ಬಂದು ನಿಂತು, ಮಾತಾಡಿ, ನಗೆಗಾಗಿ ಕಾಯುವ ಯಮನೂರಪ್ಪ ಬಂದ. ನಗು ಬಾರದಿದ್ದರೆ ಬೈಯಲು ಅವನಿಗೆ ಯಂತ್ರವೂ ಇರುವುದಿಲ್ಲ. ಆ ಯಂತ್ರವನ್ನು ಒಡೆದು ಹಾಕಬೇಕೆಂದು ಎಷ್ಟು ಸಲ ಅಂದುಕೊಂಡಿದ್ದಳೋ ಲೆಕ್ಕವಿಲ್ಲ. ಈಗ ಅವಳು ಕುರ್ಚಿಯಿಂದ ಎದ್ದು ನಿಂತು ಕೈಮುಗಿದಳು.

"ಬಿಚ್ಚಬ್ಯಾಡ್ರಿ ಸರ್. ಗ್ವಾಡಿ ಮ್ಯಾಲ ಇರಲಿ ಬಿಡ್ರಿ. ನಮ್ಮ ಮನಿಯವರು ಇನ್ನೂ ಅಲ್ಲೇ ಆಟ ಆಡಬೇಕು."

ಹಂಚಿನಾಳರಿಗೆ ಅರ್ಥವಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಮುಂದಿನ ಪರದೆಯನ್ನು ಆರಿಸಿದರು. ಆಮೇಲೆ, ಆಯಿತು, ಪಟ್ಟಿ ಇದ್ದಲ್ಲೇ ಇರಲಿ, ಕರೆಂಟ್ ಮಾತ್ರ ತೆಗೆಸುತ್ತೇನೆ ಎಂದರು. ದಾಕ್ಷಾಯಣಿ, ನಿಮ್ಮಿಂದ ಭಾಳ ಉಪಕಾರ ಆತು ಸರ್ ಎಂದು ಹೇಳಿ, ಚಹಾ ಕುಡಿದು ಮುಗಿಸಿ ತನ್ನ ಕೊಠಡಿಗೆ ಹೋದಳು.